ಗೆಳೆಯರಿಗೆ ಅಡುಗೆ ಬರೆದುಕೊಡುವಾಗ ಹದವನ್ನೂ ಬರೆಯಿರಿ

"ಅವತ್ತು ಮಾಡಿದ್ಯಲ್ಲ ಸೂಪು, ಹೇಗೆ ಅಂತ ಒಂಚೂರು ಬರೆದು ಕಳಿಸೇ" ಎಂದು ಗೆಳತಿ ಕೇಳಿದ ತಕ್ಷಣ ನಾವು ಫೋನಿನಲ್ಲಿ ಗೀಚಿ ಕಳಿಸುವುದು ಸಾಮಾನ್ಯವಾಗಿ ಒಂದು ಸಾಮಾನಿನ ಪಟ್ಟಿ. ಈರುಳ್ಳಿ, ಬೇಳೆ, ಕ್ಯಾರೆಟ್, ರುಚಿಗೆ ತಕ್ಕಷ್ಟು ಉಪ್ಪು, ಎಲ್ಲ ಹಾಕಿ ಬೇಯಿಸು. ಅವಳು ಹಾಗೇ ಮಾಡುತ್ತಾಳೆ. ಏನೋ ಒಂದು ಆಗುತ್ತದೆ, ಆದರೆ ಅವತ್ತು ಉಂಡದ್ದು ಆಗುವುದಿಲ್ಲ. "ನಿನ್ನ ಕೈರುಚಿ ನನಗೆ ಬರಲ್ಲ ಬಿಡು" ಎಂದು ಸುಮ್ಮನಾಗುತ್ತಾಳೆ.

ಆ ಕೈರುಚಿಯಲ್ಲಿ ಮುಕ್ಕಾಲು ಪಾಲು ಬರೆದು ತಿಳಿಸಬಹುದಾದದ್ದೇ ಎಂದು ನನ್ನ ನಂಬಿಕೆ. ಈರುಳ್ಳಿ ಎಷ್ಟು ಬಾಡಬೇಕು, ಹುಳಿ ಯಾವಾಗ ಬೀಳಬೇಕು, ಒಲೆ ಆರಿಸುವಾಗ ಸೂಪು ಎಷ್ಟು ತೆಳ್ಳಗಿರಬೇಕು ಎಂಬುದೆಲ್ಲ ನಮ್ಮ ಕೈಗೆ ರೂಢಿಯಾಗಿಬಿಟ್ಟಿರುತ್ತದೆ. ಹಾಗಾಗಿ ಬರೆಯಬೇಕು ಅಂತಲೇ ಹೊಳೆಯುವುದಿಲ್ಲ. ಓದುವವಳಿಗೆ ಬೇಕಾದದ್ದು ಮಾತ್ರ ಅದೇ.

ಅದರಲ್ಲೂ ಮನಸ್ಸಿಗೆ ಸಮಾಧಾನ ಕೊಡುವ ಅಡುಗೆಯನ್ನು ಜನ ಮಾಡಿಕೊಳ್ಳುವುದು ಜ್ವರ ಬಂದು ಮಲಗಿ ಎದ್ದಾಗ, ಕೆಲಸ ಮುಗಿಸಿ ಸೋತು ಬಂದಾಗ, ಮನೆಯಲ್ಲಿ ಯಾರೋ ಇಲ್ಲವಾದಾಗ. ಇಂಥ ಹೊತ್ತಿನಲ್ಲಿ ಅಡುಗೆ ಕೆಟ್ಟರೆ ಇನ್ನೊಮ್ಮೆ ಮಾಡುವ ತ್ರಾಣ ಇರುವುದಿಲ್ಲ. ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ ಬಾಡಲಿ" ಎನ್ನಲು ನಾವೂ ಅಲ್ಲಿರುವುದಿಲ್ಲ. ಆದ್ದರಿಂದ ಇಂಥ ಅಡುಗೆಯನ್ನು ಹಬ್ಬದ ಅಡುಗೆಗಿಂತ ಹೆಚ್ಚು ಎಚ್ಚರದಿಂದ ಬರೆಯಬೇಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

1. ಕೊಡುವ ಅಡುಗೆಯನ್ನು ಆರಿಸಿಕೊಳ್ಳಿ

ನೀವು ಮಾಡುವ ಅಡುಗೆಗಳಲ್ಲಿ ಅತ್ಯುತ್ತಮವಾದದ್ದನ್ನೇ ಕೊಡಬೇಕೆಂದಿಲ್ಲ. ದಣಿದವರು ಮಾಡಿದರೂ ಕೆಡದಂಥದ್ದನ್ನು ಕೊಡಿ. ಒಂದೇ ಪಾತ್ರೆಯಲ್ಲಿ ಮುಗಿಯಬೇಕು. ಮಧ್ಯೆ ಫೋನ್ ಬಂತೆಂದು ಹತ್ತು ನಿಮಿಷ ಬಿಟ್ಟು ಹೋದರೂ ಹಾಳಾಗಬಾರದು. ಒಂದೆರಡು ಸಾಮಾನು ಇಲ್ಲದಿದ್ದರೂ ನಡೆಯಬೇಕು. ಹೀಗೆ ಸೋಸಿದರೆ ಕೊನೆಗೆ ಉಳಿಯುವುದು ಹೆಚ್ಚಾಗಿ ಮೆತ್ತಗೆ ಬೇಯುವ ಪದಾರ್ಥಗಳೇ: ಬೇಳೆಯ ಸೂಪು, ಗಂಜಿ, ಆಲೂಗಡ್ಡೆ, ನಿಧಾನವಾಗಿ ಬೆಂದ ತರಕಾರಿ. ಕರಿಯುವುದು, ಪಾಕ ತೆಗೆಯುವುದು, ಹಿಟ್ಟು ಉಬ್ಬಿಸುವುದು ಜೊತೆಗೆ ಕೂತು ಮಾಡುವ ದಿನಕ್ಕಿರಲಿ.

ರಾಜ್ಮಾದಂಥ ಒಣಕಾಳಿನ ಅಡುಗೆ ಕೊಡುವುದಾದರೆ ಒಂದು ಎಚ್ಚರಿಕೆಯನ್ನು ಬಿಡಲೇಬಾರದು. ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಅಂಶ ಸರಿಯಾಗಿ ಬೇಯದಿದ್ದರೆ ವಾಂತಿ, ಭೇದಿ ತರಿಸುತ್ತದೆ. ರಾತ್ರಿಯಿಡೀ ನೆನೆಸಬೇಕು, ಆ ನೀರು ಚೆಲ್ಲಬೇಕು, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲಷ್ಟೇ ಉರಿ ತಗ್ಗಿಸಿ ಮೆತ್ತಗಾಗುವವರೆಗೆ ಬೇಯಿಸಬೇಕು. ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಗೆ ಹಸಿ ರಾಜ್ಮಾವನ್ನು ನೇರವಾಗಿ ಹಾಕಬಾರದು, ಅದು ಬೇಕಾದಷ್ಟು ಬಿಸಿ ಏರದಿರಬಹುದು. ನಮಗೆ ಗೊತ್ತಿರುವುದು ಎದುರಿನವರಿಗೂ ಗೊತ್ತಿರುತ್ತದೆ ಎಂದುಕೊಂಡು ಬಿಟ್ಟುಬಿಡುವ ಮಾತು ಇದೇ.

2. ಮಾಡುತ್ತಲೇ ಅಳೆಯಿರಿ, ಮಾಡುತ್ತಲೇ ಬರೆಯಿರಿ

ನೆನಪಿನಿಂದ ಬರೆಯಬೇಡಿ. ಗೆಳೆಯರು ಕೇಳಿದರೆ "ಮುಂದಿನ ಸಲ ಮಾಡಿದಾಗ ಬರೆದು ಕಳಿಸ್ತೀನಿ" ಎನ್ನಿ. ಆ ದಿನ ಒಲೆಯ ಪಕ್ಕದಲ್ಲಿ ಒಂದು ಚೀಟಿ, ಪೆನ್ನು, ಕಣ್ಣಿಗೆ ಕಾಣುವಂತೆ ಗಡಿಯಾರ, ಸಾಧ್ಯವಾದರೆ ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ.

ಕಣ್ಣಳತೆಯಲ್ಲಿ ಉಪ್ಪು ಹಾಕುವವರಿಗೆ ಚಮಚ ಕೈಗೆ ಕೊಟ್ಟರೆ ಹದ ತಪ್ಪುತ್ತದೆ. ಅವರಿಗೊಂದು ಸುಲಭದ ದಾರಿಯಿದೆ. ಉಪ್ಪಿನ ಡಬ್ಬಿಯನ್ನೇ ಅಡುಗೆಗೆ ಮೊದಲು ತೂಗಿ ಬರೆದಿಡಿ. ಎಂದಿನಂತೆ ಚಿಟಿಕೆಯಲ್ಲೋ ಬೊಗಸೆಯಲ್ಲೋ ಹಾಕುತ್ತಾ ಹೋಗಿ, ರುಚಿ ನೋಡಿ, ಮತ್ತೆ ಹಾಕಿ. ಅಡುಗೆ ಮುಗಿದ ಮೇಲೆ ಡಬ್ಬಿಯನ್ನು ಮತ್ತೊಮ್ಮೆ ತೂಗಿದರೆ ಕಡಿಮೆಯಾದಷ್ಟೇ ನೀವು ಹಾಕಿದ ಉಪ್ಪು. ಎಣ್ಣೆಯ ಬಾಟಲಿಗೂ ಇದೇ ಲೆಕ್ಕ. ಕೈಯ ರೂಢಿ ಕೆಡುವುದಿಲ್ಲ, ಅಳತೆಯೂ ಸಿಗುತ್ತದೆ. ಹಿರಿಯರ ಅಡುಗೆಯನ್ನು ಬರೆದಿಟ್ಟುಕೊಳ್ಳುವವರಿಗಂತೂ ನಾನು ಮೊದಲು ಹೇಳುವುದು ಇದನ್ನೇ. "ಎಷ್ಟು ಹಾಕ್ತೀರಿ" ಎಂದು ಕೇಳಿದರೆ ಅವರಿಗೆ ಹೇಳಲಾಗುವುದಿಲ್ಲ, ಸುಮ್ಮನೆ ಮಾಡಲು ಬಿಟ್ಟರೆ ಕೈ ತಾನೇ ಹೇಳುತ್ತದೆ.

ಬರೆಯುವಾಗ ಗ್ರಾಂ ಮತ್ತು ಮಿಲಿಲೀಟರ್ ಬಳಸಿ. "ಒಂದು ಕಪ್" ಎಂದರೆ ಎಲ್ಲ ಕಡೆ ಒಂದೇ ಅಲ್ಲ. ಮೆಟ್ರಿಕ್ ಕಪ್ 250 ಮಿಲಿ, ಅಮೆರಿಕದ್ದು ಸುಮಾರು 237, ಜಪಾನಿನದು 200. ದೊಡ್ಡ ಚಮಚ ಬಹಳಷ್ಟು ಕಡೆ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20. ಗೆಳೆಯರ ಹತ್ತಿರ ತಕ್ಕಡಿ ಇಲ್ಲವೆಂದು ಗೊತ್ತಿದ್ದರೆ "ಯಾವುದಾದರೂ ಒಂದು ಲೋಟ ತಗೋ, ಅಕ್ಕಿ ಒಂದು ಲೋಟವಾದರೆ ನೀರು ಅದೇ ಲೋಟದಲ್ಲಿ ಇಷ್ಟು" ಎಂದು ಪ್ರಮಾಣದಲ್ಲಿ ಹೇಳಿ. ಲೋಟ ಯಾವುದಾದರೂ ಆಗ ಲೆಕ್ಕ ತಪ್ಪುವುದಿಲ್ಲ.

"ರುಚಿಗೆ ತಕ್ಕಷ್ಟು ಉಪ್ಪು" ಎಂದಷ್ಟೇ ಬರೆದು ಕೈಬಿಡಬೇಡಿ. ಶುರುವಿಗೆ ಇಷ್ಟು, ಕೊನೆಯಲ್ಲಿ ರುಚಿ ನೋಡಿ ಇನ್ನಿಷ್ಟು ಎಂದು ಹೇಳಿ. ಪುಡಿ ಉಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ ತೂಗುತ್ತದೆ. ಹರಳು ಹರಳಾದ ಉಪ್ಪಿನ ನಡುವೆ ಗಾಳಿ ಇರುವುದರಿಂದ ಅದೇ ಚಮಚದಲ್ಲಿ ಕಡಿಮೆ ಹಿಡಿಯುತ್ತದೆ. ಯಾವ ಉಪ್ಪು ಎನ್ನುವುದನ್ನು ಬರೆಯದಿದ್ದರೆ ಅಡುಗೆ ಸಪ್ಪೆಯಾಗಲಿಕ್ಕೋ ಉಪ್ಪುಪ್ಪಾಗಲಿಕ್ಕೋ ಅಷ್ಟೇ ಸಾಕು.

ಈರುಳ್ಳಿ, ಆಲೂಗಡ್ಡೆಗಳ ವಿಷಯದಲ್ಲೂ ಹಾಗೇ. "ಮಧ್ಯಮ ಗಾತ್ರದ್ದು ಎರಡು" ಎಂದರೆ ಒಬ್ಬರಿಗೆ 200 ಗ್ರಾಂ, ಇನ್ನೊಬ್ಬರಿಗೆ 350. ಒಂದು ಸಲ ತೂಗಿ ಬರೆದುಬಿಡಿ.

3. ಹದವನ್ನು ಬರೆಯಿರಿ

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದು. ನಿಮಿಷದ ಲೆಕ್ಕ ಅರ್ಧ ಮಾತ್ರ ಹೇಳುತ್ತದೆ, ಏಕೆಂದರೆ ಅವರ ಒಲೆ ಬೇರೆ, ಪಾತ್ರೆ ಬೇರೆ. ನಿಮಿಷದ ಪಕ್ಕದಲ್ಲಿ ಕಣ್ಣಿಗೆ ಏನು ಕಾಣಬೇಕು, ಕಿವಿಗೆ ಏನು ಕೇಳಬೇಕು, ಮೂಗಿಗೆ ಏನು ಬರಬೇಕು ಎನ್ನುವುದನ್ನೂ ಬರೆಯಿರಿ.

ಈರುಳ್ಳಿಯನ್ನೇ ತೆಗೆದುಕೊಳ್ಳಿ. ಎಣ್ಣೆಗೆ ಬಿದ್ದಾಗ ಮೊದಲು ಜೋರಾಗಿ ಚೊಯ್ ಎನ್ನುತ್ತದೆ, ಅದು ಒಳಗಿನ ನೀರು ಆವಿಯಾಗುವ ಸದ್ದು. ಐದಾರು ನಿಮಿಷಕ್ಕೆ ಹೋಳಿನ ಅಂಚು ಗಾಜಿನಂತೆ ಪಾರದರ್ಶಕವಾಗುತ್ತದೆ, ಕಣ್ಣು ಉರಿಸುವ ಹಸಿ ವಾಸನೆ ಇನ್ನೂ ಇರುತ್ತದೆ. ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷವಾದಾಗ ಸದ್ದು ತಗ್ಗುತ್ತದೆ, ರಾಶಿ ಅರ್ಧಕ್ಕೆ ಕುಗ್ಗುತ್ತದೆ, ಹಸಿ ವಾಸನೆ ಹೋಗಿ ಸಿಹಿಯಾದ ಘಮ ಏಳುತ್ತದೆ. ಸೌಟಿನ ಹಿಂಬದಿಯಿಂದ ಒತ್ತಿದರೆ ಹೋಳು ಎದುರಾಡದೆ ಚಪ್ಪಟೆಯಾಗುತ್ತದೆ. ಸೂಪಿಗೆ ಬೇಕಾದ ಹದ ಇದು. ಇಲ್ಲಿಂದ ಮುಂದೆ ಹೊಂಬಣ್ಣ, ಆಮೇಲೆ ಕಂದು. ಚೆನ್ನಾಗಿ ಕಂದಾಗಿ ಜೇನಿನಷ್ಟು ಸಿಹಿ ಬರಬೇಕಾದರೆ ಸಣ್ಣ ಉರಿಯಲ್ಲಿ 40 ನಿಮಿಷವಾದರೂ ಬೇಕು. "ಐದು ನಿಮಿಷ ಕಂದು ಬಣ್ಣಕ್ಕೆ ಹುರಿಯಿರಿ" ಎಂದು ಬರೆದದ್ದನ್ನು ನಂಬಿ ಉರಿ ಜೋರು ಮಾಡಿದವರಿಗೆ ಸಿಗುವುದು ಅಂಚು ಸೀದು ನಡುವೆ ಹಸಿಯಾಗೇ ಉಳಿದ ಈರುಳ್ಳಿ. ನಿಜವಾಗಿ ಹಿಡಿಯುವ ಸಮಯವನ್ನೇ ಬರೆಯಿರಿ. ಓದಿದವರು ಹೆದರಿ ಬಿಟ್ಟುಬಿಡುತ್ತಾರೆ ಎಂದು ಕಡಿಮೆ ಮಾಡಬೇಡಿ.

ಕುದಿಯಲ್ಲೂ ಎರಡು ಬಗೆ ಇವೆ. ಮೇಲ್ಮೈಯೆಲ್ಲ ಉರುಳುವಂತೆ ಕೊತಕೊತ ಕುದಿಯುವುದು ಒಂದು. ಅಂಚಿನಲ್ಲಿ ಆಗೊಮ್ಮೆ ಈಗೊಮ್ಮೆ ಗುಳ್ಳೆ ಏಳುವುದು ಇನ್ನೊಂದು. "ಕುದಿಸು" ಎಂದಷ್ಟೇ ಬರೆದರೆ ಯಾವುದು ಎಂದು ತಿಳಿಯುವುದಿಲ್ಲ. ಬೇಳೆಯನ್ನು ಮೊದಲ ರೀತಿಯಲ್ಲಿ ಬಿಟ್ಟರೆ ಉಕ್ಕಿ ಒಲೆಯ ಮೇಲೆ ಹರಿಯುತ್ತದೆ, ಗಂಜಿಯಾದರೆ ತಳ ಹಿಡಿಯುತ್ತದೆ.

ಹಿಂದೆ ಮುಂದೆ ಮಾಡಬಾರದ ಕ್ರಮವಿದ್ದರೆ ಕಾರಣ ಸಮೇತ ಹೇಳಿ. ಟೊಮೇಟೊ, ನಿಂಬೆಯಂಥ ಹುಳಿಯನ್ನು ಬೇಳೆ ಬೇಯುವ ಮೊದಲೇ ಹಾಕಿದರೆ ಬೇಳೆ ಮೆತ್ತಗಾಗಲು ತುಂಬ ಹೊತ್ತು ಹಿಡಿಯುತ್ತದೆ. ಕಾಳಿನ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭವಾಗಿ ಕರಗುವುದಿಲ್ಲ. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲೂ ಇದೇ ತೊಂದರೆ. ಕಾರಣ ಗೊತ್ತಾದವರು ಕ್ರಮ ಮರೆಯುವುದಿಲ್ಲ. ನಾಳೆ ಬೇರೆ ಯಾವ ಬೇಳೆ ಬೇಯಿಸಿದರೂ ಅದು ಕೆಲಸಕ್ಕೆ ಬರುತ್ತದೆ.

4. ಮೂರು ಮಾದರಿ

ಗೆಳೆಯರಿಗೆ ಬರೆಯುವಾಗ ಮಾತಾಡುವ ಹಾಗೇ ಬರೆದರೆ ಚೆನ್ನ. ಪುಸ್ತಕದ ಧಾಟಿ ಬೇಡ. ಕೆಳಗಿನ ಮೂರನ್ನೂ ಹಾಗೇ ಬರೆದಿದ್ದೇನೆ. ಇದ್ದ ಹಾಗೇ ಯಾರಿಗಾದರೂ ಕಳಿಸಬಹುದು.

ಬೇಳೆ ತರಕಾರಿ ಸೂಪು, ನಾಲ್ಕು ಜನಕ್ಕೆ

"ಕೆಂಪು ಮಸೂರ್ ಬೇಳೆ 200 ಗ್ರಾಂ, ಈರುಳ್ಳಿ 250 ಗ್ರಾಂ, ಕ್ಯಾರೆಟ್ ಎರಡು, ಬೆಳ್ಳುಳ್ಳಿ ನಾಲ್ಕು ಎಸಳು, ಜೀರಿಗೆ ಒಂದು ಟೀ ಚಮಚ, ಟೊಮೇಟೊ ಎರಡು, ಎಣ್ಣೆ 30 ಮಿಲಿ, ನೀರು 1.2 ಲೀಟರ್, ಅರ್ಧ ನಿಂಬೆಹಣ್ಣು, ಪುಡಿ ಉಪ್ಪು. ಇಷ್ಟೇ ಬೇಕಾಗಿರೋದು. ಕ್ಯಾರೆಟ್ ಇಲ್ಲದಿದ್ರೆ ಸಿಹಿಗುಂಬಳ ಹಾಕು, ಅದೂ ಇಲ್ಲದಿದ್ರೆ ಬಿಡು. ಈರುಳ್ಳಿ ಮಾತ್ರ ಬಿಡಬೇಡ, ಸಿಹಿ ಬರೋದೇ ಅದರಿಂದ.

ಮೊದಲು ಬೇಳೆ ತೊಳಿ. ನೀರು ಹಾಲಿನ ಹಾಗೆ ಬಿಳಿಯಾಗಿ ಬರುತ್ತೆ, ಮೂರ್ನಾಲ್ಕು ಸಲ ತೊಳೆದ ಮೇಲೆ ತಿಳಿಯಾಗುತ್ತೆ. ಬಸಿದು ಪಕ್ಕಕ್ಕಿಡು. ದಪ್ಪ ತಳದ ಪಾತ್ರೆಗೆ ಎಣ್ಣೆ ಹಾಕಿ, ಕಾದ ಮೇಲೆ ಜೀರಿಗೆ ಹಾಕು. ಬಣ್ಣ ಒಂಚೂರು ಗಾಢವಾಗಿ ಘಮ ಬಂದ ತಕ್ಷಣ ಈರುಳ್ಳಿ ಹಾಕು, ತಡಮಾಡಿದ್ರೆ ಜೀರಿಗೆ ಕಹಿಯಾಗುತ್ತೆ. ಉಪ್ಪು ಅರ್ಧ ಟೀ ಚಮಚ ಈಗಲೇ ಹಾಕು, ಈರುಳ್ಳಿ ನೀರು ಬಿಡುತ್ತೆ, ತಳ ಹಿಡಿಯಲ್ಲ. ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ. ಅವಸರ ಮಾಡಬೇಡ. ಮೆತ್ತಗಾಗಿ ಸಿಹಿ ವಾಸನೆ ಬಂದ ಮೇಲೆ ಜಜ್ಜಿದ ಬೆಳ್ಳುಳ್ಳಿ ಹಾಕಿ ಒಂದು ನಿಮಿಷ ಕೈಯಾಡಿಸು.

ಕ್ಯಾರೆಟ್, ಬೇಳೆ, ನೀರು ಹಾಕಿ ಉರಿ ಜೋರು ಮಾಡು. ಕುದಿ ಬರುವಾಗ ಬಿಳಿ ನೊರೆ ಏಳುತ್ತೆ, ಚಮಚದಲ್ಲಿ ತೆಗೆದುಬಿಡು. ಆಗ ಉರಿ ತಗ್ಗಿಸಿ, ಮುಚ್ಚಳ ಸ್ವಲ್ಪ ಓರೆಯಾಗಿಟ್ಟು 20ರಿಂದ 25 ನಿಮಿಷ ಬೇಯಿಸು. ಒಂದು ಬೇಳೆ ತೆಗೆದು ಬೆರಳಲ್ಲಿ ಹಿಸುಕಿದ್ರೆ ನಡುವೆ ಗಟ್ಟಿ ಸಿಗಬಾರದು. ಆಮೇಲೇ ಟೊಮೇಟೊ ಹೆಚ್ಚಿ ಹಾಕು, ಉಪ್ಪು ಇನ್ನೊಂದು ಟೀ ಚಮಚ ಹಾಕು, ಹತ್ತು ನಿಮಿಷ ಬಿಡು. ಸೌಟಿನ ಹಿಂಬದಿಯಿಂದ ಒಂದಷ್ಟು ಬೇಳೆ ಪಾತ್ರೆಯ ಅಂಚಿಗೆ ಒತ್ತಿ ಮಸೆದ್ರೆ ಸೂಪು ತಾನೇ ಗಟ್ಟಿಯಾಗುತ್ತೆ. ಒಲೆ ಆರಿಸಿದ ಮೇಲೆ ನಿಂಬೆ ಹಿಂಡು. ಈಗ ರುಚಿ ನೋಡು. ಸಪ್ಪೆ ಅನ್ನಿಸಿದ್ರೆ ಮೊದಲು ಇನ್ನೊಂದಿಷ್ಟು ನಿಂಬೆ ಹಿಂಡಿ ನೋಡು, ಆಮೇಲೆ ಉಪ್ಪಿಗೆ ಕೈ ಹಾಕು. ತಣಿದ ಮೇಲೆ ಗಟ್ಟಿಯಾಗುತ್ತೆ, ನಾಳೆ ಬಿಸಿ ಮಾಡುವಾಗ ನೀರು ಬೆರೆಸಿಕೋ."

ಗಂಜಿ, ಹುಷಾರಿಲ್ಲದ ದಿನಕ್ಕೆ

"ಅಕ್ಕಿ 100 ಗ್ರಾಂ, ನೀರು ಒಂದು ಲೀಟರ್. ತೂಕದಲ್ಲಿ ಒಂದಕ್ಕೆ ಹತ್ತು. ಇನ್ನೂ ತೆಳ್ಳಗೆ ಬೇಕಿದ್ರೆ ಹನ್ನೆರಡು ಪಾಲು ನೀರು. ಅಕ್ಕಿ ತೊಳೆದು ನೀರಿಗೆ ಹಾಕಿ ಕುದಿ ಬರಿಸು, ಒಂದು ಸಲ ತಳದಿಂದ ಚೆನ್ನಾಗಿ ಕೈಯಾಡಿಸು, ಆ ಹೊತ್ತಿಗೇ ಅಕ್ಕಿ ತಳಕ್ಕೆ ಅಂಟಿಕೊಳ್ಳೋದು. ಉರಿ ತೀರ ಸಣ್ಣದು ಮಾಡಿ, ಮುಚ್ಚಳ ಓರೆಯಾಗಿಟ್ಟು ಸುಮಾರು ಒಂದು ಗಂಟೆ ಬಿಡು. ಮೊದಲರ್ಧ ಗಂಟೆ ಆಗೀಗ ಕೈಯಾಡಿಸಿದ್ರೆ ಸಾಕು, ಕೊನೆಯ ಹದಿನೈದು ನಿಮಿಷ ಹತ್ತಿರ ಇರು. ಕಾಳು ಒಡೆದು ಅರಳಿ, ನೀರು ಬೇರೆ ಅಕ್ಕಿ ಬೇರೆ ಅಂತ ಕಾಣದ ಹಾಗಾದಾಗ ಆಯ್ತು. ಸೌಟಿನಿಂದ ಎತ್ತಿ ಬಿಟ್ಟರೆ ಧಾರೆಯಾಗಿ ಇಳಿಯಬೇಕು. ಮುದ್ದೆಮುದ್ದೆಯಾಗಿ ಬಿದ್ರೆ ಬಿಸಿ ನೀರು ಸೇರಿಸು. ಪುಡಿ ಉಪ್ಪು ಮುಕ್ಕಾಲು ಟೀ ಚಮಚ, ಕೊನೆಯಲ್ಲಿ.

ಒಂದು ಗಂಟೆ ಕಾಯೋಕಾಗಲ್ಲ ಅಂದ್ರೆ ಹಿಂದಿನ ದಿನವೇ ಅಕ್ಕಿ ತೊಳೆದು, ಅರ್ಧ ಗಂಟೆ ನೆನೆಸಿ, ಬಸಿದು, ಫ್ರೀಜರಿನಲ್ಲಿಟ್ಟಿರು. ಒಳಗಿನ ನೀರು ಹಿಮವಾಗಿ ಹಿಗ್ಗಿ ಕಾಳು ಬಿರುಕು ಬಿಟ್ಟಿರುತ್ತೆ, ಕುದಿಯೋ ನೀರಿಗೆ ನೇರವಾಗಿ ಹಾಕಿದ್ರೆ ಅರ್ಧ ಹೊತ್ತಿಗೇ ಒಡೆದುಕೊಳ್ಳುತ್ತೆ. ಎದ್ದು ನಿಲ್ಲೋಕೂ ಆಗದ ದಿನ ಇದು ನಿನ್ನ ಕೈ ಹಿಡಿಯುತ್ತೆ."

ಮಸೆದ ಆಲೂಗಡ್ಡೆ

"ಇದರಲ್ಲಿ ಹಾಲು, ಬೆಣ್ಣೆ ಇದೆ. ಆಲೂಗಡ್ಡೆ ಒಂದು ಕಿಲೋ ಸಿಪ್ಪೆ ತೆಗೆದು ಒಂದೇ ಗಾತ್ರಕ್ಕೆ ಹೆಚ್ಚು. ತಣ್ಣೀರಿಗೆ ಹಾಕಿ, ಎರಡು ಟೀ ಚಮಚ ಉಪ್ಪು ಹಾಕಿ, ಆಮೇಲೆ ಒಲೆ ಹಚ್ಚು. ಬಿಸಿನೀರಿಗೆ ಹಾಕಿದ್ರೆ ಹೊರಗೆ ಕರಗಿ ಒಳಗೆ ಗಟ್ಟಿ ಉಳಿಯುತ್ತೆ. ಕುದಿ ಬಂದ ಮೇಲೆ 15ರಿಂದ 20 ನಿಮಿಷ. ಚಾಕು ಚುಚ್ಚಿದ್ರೆ ತಡೆಯಿಲ್ಲದೆ ಇಳಿಯಬೇಕು. ನೀರು ಪೂರ್ತಿ ಬಸಿದು, ಅದೇ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಆರಿಸು, ಹೋಳಿನ ಮೇಲೆ ಬೂದಿ ಬಳಿದ ಹಾಗೆ ಒಣಗುತ್ತೆ. ಬಿಸಿಯಿರುವಾಗಲೇ ಸೌಟಿನಿಂದ ಮಸೆದುಬಿಡು. 80 ಗ್ರಾಂ ಬೆಣ್ಣೆ ಮೊದಲು, ಬಿಸಿ ಹಾಲು 150 ಮಿಲಿ ಆಮೇಲೆ. ಹಾಲು ಬೇಡದವರು ಎಣ್ಣೆ ಮತ್ತು ಬೇಯಿಸಿದ ನೀರನ್ನೇ ಬಳಸಬಹುದು, ಅದಕ್ಕೆ ಬಸಿಯುವಾಗ ಒಂದು ಲೋಟ ತೆಗೆದಿಟ್ಟುಕೋ. ಮಿಕ್ಸಿಗೆ ಮಾತ್ರ ಹಾಕಬೇಡ, ಪಿಷ್ಟವೆಲ್ಲ ಹೊರಬಂದು ಅಂಟಂಟಾಗುತ್ತೆ."

5. ಅವರ ಅಡುಗೆಮನೆಯನ್ನು ಯೋಚಿಸಿ

ಕಳಿಸುವ ಮುಂಚೆ ನಾಲ್ಕು ಮಾತು ಕೇಳಿಕೊಳ್ಳಿ. ಯಾವ ಒಲೆ, ಎಷ್ಟು ದೊಡ್ಡ ಪಾತ್ರೆ, ಎಷ್ಟು ಜನ, ಯಾರಿಗೆ ಏನು ಆಗುವುದಿಲ್ಲ.

ಇಂಡಕ್ಷನ್ ಒಲೆ ಬೇಗ ಬಿಸಿಯೇರುತ್ತದೆ. ತೆಳು ತಳದ ಪಾತ್ರೆಯಿಟ್ಟರೆ ಈರುಳ್ಳಿ ನಡುವೆ ಸೀದು ಅಂಚಿನಲ್ಲಿ ಹಸಿಯಿರುತ್ತದೆ. ಅಂಥವರಿಗೆ ಉರಿಯನ್ನು ಇನ್ನೂ ಕಡಿಮೆ ಹೇಳಬೇಕು. ಎತ್ತರದ ಊರಿನಲ್ಲಿರುವವರಿಗೆ ಸಮಯ ಹೆಚ್ಚು ಹೇಳಿ. ಸುಮಾರು 300 ಮೀಟರ್ ಏರಿದಂತೆ ನೀರು ಕುದಿಯುವ ಶಾಖ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ, ಹಾಗಾಗಿ 1,500 ಮೀಟರ್ ಎತ್ತರದಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಪ್ರೆಷರ್ ಕುಕ್ಕರ್ ಇದ್ದರೆ ಈ ಚಿಂತೆ ಬಹುಮಟ್ಟಿಗೆ ಇಲ್ಲ, ಅದರೊಳಗೆ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ.

ಎರಡರಷ್ಟು ಮಾಡುವವರಿಗೆ ಒಂದು ಮಾತು. ಸಾಮಾನು ಇಮ್ಮಡಿಯಾದರೂ ನೀರು ಇಮ್ಮಡಿ ಬೇಕಾಗುವುದಿಲ್ಲ. ಆವಿಯಾಗುವುದು ಪಾತ್ರೆಯ ಬಾಯಿ ಎಷ್ಟು ಅಗಲವಿದೆ, ಎಷ್ಟು ಹೊತ್ತು ಕುದಿಯಿತು ಎನ್ನುವುದರ ಮೇಲೆ. ಒಂದೂಮುಕ್ಕಾಲು ಪಾಲು ನೀರಿನಿಂದ ಶುರುಮಾಡಿ, ಬೇಕಾದರೆ ಬಿಸಿನೀರು ಸೇರಿಸಲಿ. ಖಾರ, ಮೆಣಸನ್ನೂ ಒಂದೂವರೆ ಪಾಲಿನಿಂದ ಶುರುಮಾಡಿ ರುಚಿ ನೋಡಿ ಏರಿಸುವುದು ಒಳ್ಳೆಯದು. ಈರುಳ್ಳಿ ಬಾಡಲು ಮಾತ್ರ ಹೆಚ್ಚು ಹೊತ್ತು ಕೊಡಲೇಬೇಕು. ರಾಶಿ ದೊಡ್ಡದಾದರೆ ಅದು ಹುರಿಯುವ ಬದಲು ತನ್ನ ನೀರಿನಲ್ಲೇ ಬೇಯುತ್ತಿರುತ್ತದೆ.

ಅಲರ್ಜಿಯ ವಿಷಯ ಕೇಳಲು ಸಂಕೋಚ ಬೇಡ. ಹಾಲು, ಮೊಟ್ಟೆ, ಗೋಧಿ, ಸೋಯಾ, ನೆಲಗಡಲೆ, ಗೋಡಂಬಿ ಬಾದಾಮಿಯಂಥ ಬೀಜಗಳು, ಎಳ್ಳು, ಮೀನು, ಸಿಗಡಿ ಏಡಿ: ತೀವ್ರ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವುದು ಇವು. ಇವುಗಳಲ್ಲಿ ಯಾವುದು ಇದ್ದರೂ ಮೊದಲ ಸಾಲಿನಲ್ಲೇ ಬರೆಯಿರಿ, ಮೇಲೆ ಉದುರಿಸಲು ಮಾತ್ರ ಹಾಕಿದ್ದರೂ ಸರಿ. ನೀವು ಕಳಿಸಿದ್ದನ್ನು ಅವರು ಇನ್ನೊಬ್ಬರಿಗೆ ಕಳಿಸುತ್ತಾರೆ, ಆ ಇನ್ನೊಬ್ಬರು ನಿಮಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಒಂದು ವರ್ಷ ತುಂಬದ ಮಗುವಿದ್ದರೆ ಅದಕ್ಕೆ ಕೊಡುವ ಯಾವುದಕ್ಕೂ ಜೇನುತುಪ್ಪ ಹಾಕಬಾರದು ಎನ್ನುವುದನ್ನೂ ಸೇರಿಸಿ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳನ್ನು ಎಳೆಯ ಕರುಳು ತಡೆದುಕೊಳ್ಳುವುದಿಲ್ಲ.

6. ಬರೆದುಕೊಡುವ ಬದಲು ಮಾಡಿಯೇ ಒಯ್ಯುವುದಾದರೆ

ಕೆಲವು ದಿನ ಅವರಿಗೆ ಒಲೆ ಹಚ್ಚಲೂ ಆಗುವುದಿಲ್ಲ. ಅವತ್ತು ಮಾಡಿಯೇ ತೆಗೆದುಕೊಂಡು ಹೋಗಬೇಕು. ಆಗ ರುಚಿಗಿಂತ ಮೊದಲು ನೋಡಬೇಕಾದದ್ದು ಆಹಾರ ಕೆಡದಂತೆ ಇಡುವುದನ್ನು, ಅದರಲ್ಲೂ ಹುಷಾರಿಲ್ಲದವರಿಗೆ ಒಯ್ಯುವಾಗ.

ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ದೊಡ್ಡ ಪಾತ್ರೆಯ ಸೂಪು ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಅದಕ್ಕೇ ಅಗಲವಾದ, ಆಳ ಕಡಿಮೆಯಿರುವ ಡಬ್ಬಿಗಳಿಗೆ ಸುರಿದು ಬೇಗ ತಣಿಸಿ ಫ್ರಿಜ್ಜಿಗೆ ಇಡಿ. ಅವಸರವಿದ್ದರೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ನಿಲ್ಲಿಸಿ ಕೈಯಾಡಿಸಿ.

ಅನ್ನ ಮತ್ತು ಗಂಜಿಯಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯನ್ನೂ ತಾಳಿಕೊಳ್ಳುತ್ತವೆ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಅನ್ನ, ಗಂಜಿ ಮರುದಿನದೊಳಗೆ ಮುಗಿಯಬೇಕು. ಬೇಳೆ ಸೂಪು ಮೂರು ದಿನ ಇರುತ್ತದೆ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು. ಬಿಸಿ ಮಾಡುವಾಗ ನಡುವಿನವರೆಗೂ ಹೊಗೆಯಾಡಬೇಕು, ಥರ್ಮಾಮೀಟರ್ ಇದ್ದರೆ 75 ಡಿಗ್ರಿ.

ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ: ಏನು, ಯಾವತ್ತು ಮಾಡಿದ್ದು, ಏನೇನು ಹಾಕಿದೆ, ಹೇಗೆ ಬಿಸಿ ಮಾಡುವುದು, ಯಾವತ್ತಿನೊಳಗೆ ಮುಗಿಸುವುದು. ಒಬ್ಬರಿಗೆ ಒಂದು ಹೊತ್ತಿಗೆ ಆಗುವಷ್ಟು ಚಿಕ್ಕ ಡಬ್ಬಿಗಳಲ್ಲಿ ಹಂಚಿದರೆ ಬೇಕಾದಷ್ಟೇ ತೆಗೆದುಕೊಳ್ಳುತ್ತಾರೆ. ವಾಪಸು ಕೊಡುವ ಚಿಂತೆ ಅವರಿಗೆ ಬೇಡದಂಥ ಡಬ್ಬಿ ಆರಿಸಿ, "ಡಬ್ಬಿ ನಿನ್ನ ಹತ್ರವೇ ಇರಲಿ" ಎಂದೂ ಬರೆಯಿರಿ. ಬಾಗಿಲ ಬಳಿ ಇಟ್ಟು ಫೋನ್ ಮಾಡಿ ಹೇಳಿ ಹೊರಡುವುದೇ ಎಷ್ಟೋ ಸಲ ಹಿತ. ಬಂದವರನ್ನು ಕೂರಿಸಿ ಮಾತಾಡಿಸುವುದೂ ಅವರಿಗೆ ಆ ದಿನ ಕೆಲಸವೇ.

7. ತಿರುಗಿ ಬಂದ ಮಾತನ್ನು ಬರೆದಿಟ್ಟುಕೊಳ್ಳಿ

ಒಂದು ವಾರ ಬಿಟ್ಟು ಕೇಳಿ. "ಚೆನ್ನಾಗಿ ಬಂತಾ" ಎಂದು ಕೇಳಿದರೆ ಯಾರಾದರೂ "ಹ್ಞೂಂ" ಎಂದೇ ಹೇಳುವುದು. "ಎಲ್ಲಿ ಅನುಮಾನ ಬಂತು, ಯಾವ ಸಾಲನ್ನು ಎರಡು ಸಲ ಓದಬೇಕಾಯ್ತು" ಎಂದು ಕೇಳಿ. ಅಲ್ಲಿ ನಿಮ್ಮ ಬರಹದಲ್ಲಿ ಏನೋ ಬಿಟ್ಟುಹೋಗಿದೆ. ಅದನ್ನು ತಿದ್ದಿ, ಮುಂದಿನವರಿಗೆ ತಿದ್ದಿದ್ದನ್ನೇ ಕಳಿಸಿ.

ಅವರು ಮಾಡಿಕೊಂಡ ಬದಲಾವಣೆಯನ್ನೂ ಸೇರಿಸಿ. ಕ್ಯಾರೆಟ್ ಬದಲು ಇನ್ನೇನೋ ಹಾಕಿರುತ್ತಾರೆ, ಶುಂಠಿ ಸೇರಿಸಿರುತ್ತಾರೆ, ಬೆಳ್ಳುಳ್ಳಿ ಬಿಟ್ಟಿರುತ್ತಾರೆ. ಅದು ಚೆನ್ನಾಗಿ ಬಂದಿದ್ದರೆ ಮೂಲದ ಕೆಳಗೆ ಅವರ ಹೆಸರು, ತಾರೀಖು ಹಾಕಿ ಬರೆಯಿರಿ. ಮೂಲವನ್ನು ಅಳಿಸಬೇಡಿ. ನಿಮಗೆ ಯಾರಿಂದ ಬಂತೋ ಅವರ ಹೆಸರೂ ಮೇಲಿರಲಿ. ಯಾರಾದರೂ ತಮ್ಮ ಮನೆಯ ಅಡುಗೆಯನ್ನು ನಿಮ್ಮೊಬ್ಬರಿಗೇ ಎಂದು ಕೊಟ್ಟಿದ್ದರೆ, ಇನ್ನೊಬ್ಬರಿಗೆ ಕಳಿಸುವ ಮುಂಚೆ ಅವರನ್ನು ಒಂದು ಮಾತು ಕೇಳಿ. ಹೆಚ್ಚಿನವರು ಸಂತೋಷದಿಂದಲೇ ಒಪ್ಪುತ್ತಾರೆ.

ಎಲ್ಲವನ್ನೂ ಫೋನಿನ ಸಂದೇಶಗಳಲ್ಲೇ ಬಿಟ್ಟರೆ ಫೋನು ಬದಲಾಯಿಸಿದ ದಿನ ಹೋಗುತ್ತದೆ, ಬೇಕಾದ ದಿನ ಹುಡುಕಿದರೂ ಸಿಗುವುದಿಲ್ಲ. ಒಂದು ನೋಟುಪುಸ್ತಕದಲ್ಲಿ ಒಂದೊಂದು ಅಡುಗೆಗೆ ಒಂದೊಂದು ಹಾಳೆ ಕೊಡಿ. ಎಡಪುಟದಲ್ಲಿ ವಿಧಾನ, ಬಲಪುಟ ಖಾಲಿ. ಯಾರು ಮಾಡಿದರು, ಎಲ್ಲಿ ಎಡವಿದರು, ಏನು ಬದಲಿಸಿದರು ಎನ್ನುವುದೆಲ್ಲ ಆ ಬಲಪುಟಕ್ಕೆ.